ಕಿಟಕಿ ಬೆಂಚಿನ ಕೆಳಗಿನ ಕಲ್ಲು

ನಮ್ಮ ಊರಿನಲ್ಲಿ ಯಾರೂ ಆಕಾಶ ನೋಡಿಕೊಂಡು ನಡೆಯುವುದಿಲ್ಲ. ನಿನ್ನೆ ಸಮನಾಗಿದ್ದ ಜಾಗದಲ್ಲಿ ಇವತ್ತು ಕಲ್ಲಿನ ಕೊಂಬೊಂದೋ ಕಲ್ಲಿನ ತುರುಬೊಂದೋ ತಲೆಯೆತ್ತಿರಬಹುದು; ಹೆಬ್ಬೆರಳು ಜಜ್ಜಿದ ಮೇಲೆ ಅದು ಯಾವ ಅರಸರ ಕಾಲದ್ದೆಂದು ವಿಚಾರಿಸಿ ಪ್ರಯೋಜನವಿಲ್ಲ. ನಾನು ಚಿಕ್ಕಂದಿನಿಂದಲೂ ಹೆದರುವ ಸ್ವಭಾವದವಳು, ಹಾಗಾಗಿ ಉಳಿದವರಿಗಿಂತ ಹೆಚ್ಚು ನೋಡುತ್ತೇನೆ. ದೊಡ್ಡಮ್ಮನ ಹೋಟೆಲಿನ ಕೆಂಪು ಗಾರೆ ನೆಲದಲ್ಲಿ, ಕಿಟಕಿ ಪಕ್ಕದ ಬೆಂಚಿನ ಕೆಳಗೆ, ಕಡಲೆಕಾಳಿನಷ್ಟು ಕರಿಯ ಕಲ್ಲು ಇಣುಕಿದ್ದನ್ನು ಮೊದಲು ಕಂಡವಳು ನಾನೇ.

"ದೊಡ್ಡಮ್ಮಾ, ಇಲ್ಲಿ ಏನೋ ಇದ್ದ ಹಾಗಿದೆ," ಎಂದೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ ಚೆನ್ನಾಜಮ್ಮ. ನನ್ನನ್ನು ಸಾಕಿ, ದೂರದ ಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಓದಿಸಿದವಳು. ಮುಂದಿನ ಪಡಸಾಲೆಯಲ್ಲಿ ಹೋಟೆಲು, ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರು. ಕಾವಲಿಯ ಮೇಲಿನ ದೋಸೆ ಮಗುಚಿ ಹಾಕಿ ಬಂದು ಅವಳು ಬಗ್ಗಿ ನೋಡಿದಳು.

"ಹುಣಸೆ ಬೀಜ ಕಣೇ ಕುಮ್ಮಿ ಅದು."

"ಹುಣಸೆ ಬೀಜ ಆಗಿದ್ರೆ ಅಲ್ಲಾಡ್ಬೇಕಿತ್ತು."

"ನೀನು ಅಲ್ಲಾಡಿಸ್ಬೇಡ, ಅದೂ ಅಲ್ಲಾಡಲ್ಲ. ಹೋಗಿ ಚಟ್ನಿ ರುಬ್ಬು ಹೋಗು."

ಹಾಗೆಂದವಳೇ ಅದರ ಮೇಲೊಂದು ತೆಂಗಿನ ಚಿಪ್ಪು ಬೋರಲು ಹಾಕಿದಳು. ಕೆಲವು ದಿನಗಳಲ್ಲಿ ಚಿಪ್ಪು ಸಾಲದೆ ಚೊಂಬು ಬಂತು, ಚೊಂಬು ಸಾಲದೆ ಹಿಟ್ಟಿನ ಡಬ್ಬ ಬಂತು. ಕೊನೆಗೊಂದು ಬೆಳಿಗ್ಗೆ ಬೆಂಚೇ ಒಂದು ಕಡೆ ಮೇಲಕ್ಕೆದ್ದಿತ್ತು. ಅದರ ಮೇಲೆ ಕುಳಿತಿದ್ದ ಷಡಕ್ಷರಪ್ಪನವರ ಕಾಫಿ ಲೋಟ ತಾನೇ ಜಾರಿಕೊಂಡು ಬಂದು ಅವರ ಪಂಚೆಯ ಮೇಲೆ ಮಗುಚಿತು. ಷಡಕ್ಷರಪ್ಪನವರು ಬೈಯಲಿಲ್ಲ. ಬೆಂಚಿನ ಕೆಳಗೆ ಬಗ್ಗಿ, ಡಬ್ಬ ಸರಿಸಿ ನೋಡಿದರು.

"ಯಾವಾಗಿಂದ, ಚೆನ್ನಾಜಮ್ನೋರೆ?"

"ಏನು ಯಾವಾಗಿಂದ? ಇನ್ನೊಂದ್ ಕಾಫಿ ತರ್ತೀನಿ, ತಡೀರಿ," ಎಂದು ದೊಡ್ಡಮ್ಮ ಒಳಗೆ ಹೋದಳು. ಎರಡನೆಯ ಕಾಫಿ ತರಲು ಅವಳು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಬೇರೆ ಯಾರೇ ಗಿರಾಕಿಯಾಗಿದ್ದರೂ ಅವರಿಗೆ ಒಂದು ಮಸಾಲೆ ದೋಸೆ ಪುಕ್ಕಟೆ ಕೊಟ್ಟು ಬಾಯಿ ಮುಚ್ಚಿಸಬಹುದಿತ್ತು. ಆದರೆ ಷಡಕ್ಷರಪ್ಪನವರು ನಮ್ಮ ಊರಿನ ನೋಟಗಾರರು. ನೆಲದಿಂದ ಎದ್ದದ್ದು ದೇವರೋ ಮನುಷ್ಯರೋ ಎಂದು ನೋಡಿ ಹೇಳುವುದು ಅವರ ಮನೆತನದ ಕೆಲಸ. ಕಲ್ಲಿನ ಕಣ್ಣು ನೆಲದಿಂದ ಮೇಲೆ ಬಂದ ದಿನ ತೀರ್ಪು. ಮನುಷ್ಯರಾದರೆ ಕಲ್ಲು ಆ ಮನೆಯವರದು. ಆ ಮನೆಯವರು ಕಲ್ಲಿನಲ್ಲಿರುವವರ ಕಸುಬನ್ನೋ ಉಡುಗೆಯನ್ನೋ ನಡಿಗೆಯನ್ನೋ ತಮ್ಮದಾಗಿಸಿಕೊಳ್ಳಬೇಕು, ಅಷ್ಟೆ; ನೋಡನೋಡುತ್ತ ಊರೂ ಅದನ್ನೇ ಹಿಡಿಯುತ್ತದೆ. ದೇವರಾದರೆ ಮನೆ ದೇವರದು. ಮನೆಯವರಿಗೆ ಹಾರ ಹಾಕಿ, ಶಾಲು ಹೊದಿಸಿ, ಓಲಗ ಊದಿಸಿಕೊಂಡು ಕೆರೆಯಾಚೆಯ ಹೊಸ ಮನೆಗೆ ಕಳಿಸಿಬಿಡುತ್ತಾರೆ. ಒಮ್ಮೆ ಹಾರ ಕೊರಳಿಗೆ ಬಿತ್ತೆಂದರೆ ಮತ್ತೆ ಹಿಂದಕ್ಕೆ ಬರುವಂತಿಲ್ಲ. ಗಾಣದ ಮನೆಯವರಿಗೆ ಹಾಗೇ ಆಯಿತು. ಹೊಸ ಮನೆ ಚೆನ್ನಾಗಿದೆ, ಗಾಳಿ ಬೆಳಕು ಎಲ್ಲ ಇದೆ. ಆದರೆ ಅವರ ಎತ್ತು ಇಂದಿಗೂ ಸಂಜೆ ಬಿಟ್ಟ ಕೂಡಲೆ ಹಳೆಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ, ಪೂಜಾರಿ ಪ್ರಸಾದ ಕೊಟ್ಟು ಹಿಂದಕ್ಕೆ ಕಳಿಸುತ್ತಾರೆ.

ಅಗೆದು ನೋಡಿದರಾಗದೇ ಎಂದು ಹೊರಗಿನವರು ಕೇಳುತ್ತಾರೆ. ಅಗೆದರೆ ಕಲ್ಲು ಕೆಳಕ್ಕೆ ಹೋಗುತ್ತದೆ. ಕಾಯಬೇಕು. ಕಾಯುವಾಗಲೂ ಕಣ್ಣಿಟ್ಟು ಕೂರುವಂತಿಲ್ಲ, ಯಾರಾದರೂ ನೋಡುತ್ತಿರುವಷ್ಟು ಹೊತ್ತು ಕಲ್ಲು ಏಳುವುದಿಲ್ಲ.

ಹೀಗೆ ಕಾದು ಪಡೆದದ್ದರಲ್ಲೇ ನಮ್ಮ ಊರಿನ ಬದುಕು ಆಗಿದೆ. ಅಂಚೆ ಕಚೇರಿಯ ಹಿಂದೆ ಎದ್ದ ವೀರನ ಬಲಮೀಸೆ ಎಂದೋ ಒಡೆದು ಹೋಗಿತ್ತು. ಆದ್ದರಿಂದ ನಮ್ಮ ಊರಿನ ಗಂಡಸರು ಎಡಮೀಸೆ ಮಾತ್ರ ಬಿಡುತ್ತಾರೆ. ಹಾಲಿನ ಡೈರಿಯ ಮುಂದೆ ನರ್ತಕಿ ಎದ್ದಂದಿನಿಂದ ಸಾಲಿನಲ್ಲಿ ನಿಂತವರೆಲ್ಲ ಸೊಂಟ ಎಡಕ್ಕೆ ವಾಲಿಸಿಯೇ ನಿಲ್ಲುತ್ತಾರೆ. ಹಾಸ್ಟೆಲಿನ ಊಟದ ಸಾಲಿನಲ್ಲಿ ನಾನು ಹಾಗೆ ನಿಂತಿದ್ದನ್ನು ಕಂಡು ನಮ್ಮ ಇತಿಹಾಸದ ಮೇಷ್ಟ್ರು ತಟ್ಟೆ ಹಿಡಿದುಕೊಂಡೇ ಓಡಿಬಂದಿದ್ದರು. "ಈ ಭಂಗಿ ಎಲ್ಲಿ ಕಲಿತೆಯಮ್ಮಾ?" ಎಂದರು. "ಹಾಲಿಗೆ ನಿಂತು ಕಲಿತೆ ಸಾರ್," ಎಂದೆ. ಗೆಳತಿಯರು ವರ್ಷವಿಡೀ ನಕ್ಕರು. ಮೂಗು ಮುರಿದ ವಿಗ್ರಹವೊಂದು ಎದ್ದ ವರ್ಷ ಮಾತ್ರ ಊರಿನವರು ಏನನ್ನೂ ಅನುಸರಿಸದೆ ಸುಮ್ಮನಿದ್ದರು.

ಇರಲಿ. ಬೆಂಚು ತೆಗೆದು ಹಾಕಿದ ಮೇಲೆ ಕಲ್ಲು ಎಲ್ಲರ ಕಣ್ಣಿಗೂ ಬಿತ್ತು. ತುದಿಯಲ್ಲಿ ಅಂಗಿಯ ಗುಂಡಿಯಂಥ ಸಣ್ಣ ಉಬ್ಬು, ಅದರ ಕೆಳಗೆ ದುಂಡನೆಯ ಒಂದು ಅಂತಸ್ತು, ಅದರ ಕೆಳಗೆ ಇನ್ನೂ ದಪ್ಪನೆಯ ಇನ್ನೊಂದು. ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುವವಳಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ನಾನು ತೂಗಿ ತೂಗಿ ಹೇಳಿದೆ: "ಇಷ್ಟರಿಂದಲೇ ಏನೂ ಹೇಳೋಕಾಗಲ್ಲ. ಸದ್ಯಕ್ಕೆ ಕಿರೀಟದ ಹಾಗೆ ಕಾಣ್ತಿದೆ ಅನ್ನಬಹುದೇನೋ."

ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ: ಚೆನ್ನಾಜಮ್ಮನ ಹೋಟೆಲಲ್ಲಿ ಕಿರೀಟ ಎದ್ದಿದೆಯಂತೆ, ಮೇಡಮ್ಮೇ ಹೇಳಿದರಂತೆ.

ಮಾರನೆಯ ದಿನದಿಂದ ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬರತೊಡಗಿದರು. ಗಟ್ಟಿಯಾಗಿ ಮಾತಾಡುವವರಿಲ್ಲ, ಸಾಂಬಾರಿಗೆ ಉಪ್ಪು ಕಡಿಮೆ ಎಂದು ಜಗಳ ಕಾಯುವವರಿಲ್ಲ. ಎಲ್ಲಕ್ಕಿಂತ ಕಷ್ಟದ ಸಂಗತಿಯೆಂದರೆ ಈರುಳ್ಳಿ ದೋಸೆ, ಬೆಳ್ಳುಳ್ಳಿ ಚಟ್ನಿ ಕೇಳುವವರೇ ಇಲ್ಲವಾದರು. ನಮ್ಮ ಹೋಟೆಲಿಗೆ ಹೆಸರು ಬಂದದ್ದೇ ಅವೆರಡರಿಂದ. ದೇವರ ಎದುರಿಗೆ ಈರುಳ್ಳಿ ತಿನ್ನುವುದು ಹೇಗೆಂದು ಎಲ್ಲರೂ ಖಾಲಿ ದೋಸೆ ತಿಂದು ಕೈಮುಗಿದು ಹೋಗುತ್ತಿದ್ದರು. ಹೂವಿನ ಸಾಕವ್ವ ಬಾಗಿಲ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಳು.

"ಗುಡಿ ಆಗೋದು ಆಗೇ ಆಗುತ್ತೆ, ಜಾಗ ಈಗ್ಲೇ ಹಿಡ್ಕಂಡಿದ್ದೀನಿ ಕಣವ್ವ. ಬೇಜಾರ್ ಮಾಡ್ಕಬ್ಯಾಡ," ಎಂದಳು ದೊಡ್ಡಮ್ಮನಿಗೆ.

"ನಾನ್ಯಾಕೆ ಬೇಜಾರ್ ಮಾಡ್ಕೊಳ್ಳಿ? ಆ ಬುಟ್ಟಿ ಸ್ವಲ್ಪ ಸರಿಸು, ಗಿರಾಕಿಗಳು ಎಡವ್ತಾರೆ. ಈಗ ಬರೋರೇ ಕಮ್ಮಿ."

ಪಕ್ಕದ ಅಂಗಡಿಯ ಟೈಲರ್ ಮೆಹಬೂಬಣ್ಣ ಒಬ್ಬರೇ ಮೊದಲಿನಂತೆ ಬರುತ್ತಿದ್ದರು, ಕೊರಳಲ್ಲಿ ಟೇಪು ನೇತುಹಾಕಿಕೊಂಡು. ಯಾವ ಕಲ್ಲು ಎದ್ದರೂ ಅದರ ಉಡುಗೆಯನ್ನು ಮೊದಲು ಹೊಲಿದು ಅಂಗಡಿಯ ಮುಂದೆ ತೂಗುಹಾಕುವುದು ಅವರ ಹೆಮ್ಮೆ.

"ಹಬ್ಬದೊಳಗೆ ಕುತ್ತಿಗೆ ಕಂಡ್ರೆ ಬ್ಲೌಸು ಹೊಲಿದು ಹಾಕ್ತೀನಿ. ಆದ್ರೆ ನೀನು ಹಿಂಗೆ ಕಣ್ಣು ಪಿಳುಕಿಸದೆ ಕೂತ್ಕೊಂಡ್ರೆ ಅದು ಏಳೋದ್ಯಾವಾಗ, ಕುಮುದಮ್ಮಾ? ನನ್ ಹೊಟ್ಟೆ ಮೇಲೆ ಹೊಡೀಬೇಡ," ಎಂದರು ಒಂದು ದಿನ.

ಅವರು ಹೇಳಿದ್ದು ನಿಜವಾಗಿತ್ತು. ಬೆಳಿಗ್ಗೆ ಶಾಲೆಗೆ ಹೋಗುವವರೆಗೂ, ಸಂಜೆ ಬಂದ ಮೇಲೂ, ಮಕ್ಕಳ ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕಲ್ಲಿನ ಎದುರೇ ಕೂರುತ್ತಿದ್ದೆ. ನಾನು ನೋಡುತ್ತಿರುವಷ್ಟು ಹೊತ್ತು ಅದು ಏಳುವುದಿಲ್ಲ. ಅದು ಏಳದಿರುವಷ್ಟು ಹೊತ್ತು ಈ ಮನೆ ನಮ್ಮದು. ಹೆದರುವವರಿಗೆ ಕಾವಲು ಕಾಯುವುದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಆದರೂ ಶಾಲೆಯ ಹೊತ್ತಿನಲ್ಲಿ ಅದು ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿತ್ತು. ಮೂರನೆಯ ಅಂತಸ್ತು ಬಂತು. ಅದರ ಕೆಳಗೆ ಹಗ್ಗದಂತೆ ಸುತ್ತಿಕೊಂಡ ಸುರುಳಿಯೊಂದು ಬಂತು. "ಹಾವು!" ಎಂದು ಸಾಕವ್ವ ಕೈಮುಗಿದಳು. ಕಿರೀಟ, ಅದರ ಬುಡಕ್ಕೆ ಹಾವು. ಸಾಲದ್ದಕ್ಕೆ ಹಣೆ ಕಾಣಿಸಿಕೊಂಡ ದಿನ ಹಣೆಯಲ್ಲಿ ನಿಡಿದಾದ, ಉಬ್ಬಿದ ಗುರುತೊಂದು ಇತ್ತು. ಅದೇನೆಂದು ಯಾರೂ ನನ್ನನ್ನು ಕೇಳಲಿಲ್ಲ. ಶಾಲೆಯ ಮಕ್ಕಳಿಗೂ ಗೊತ್ತಿತ್ತು: ಮುಕ್ಕಣ್ಣ.

ಆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಶಾಲೆಯಿಂದ ಬೇಗ ಬಂದೆ. ದೊಡ್ಡಮ್ಮ ಕಲ್ಲಿನ ಮುಂದೆ ಕಾಲು ನೀಡಿಕೊಂಡು ಕುಳಿತು ಅದರ ಜೊತೆ ಮಾತಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ನೋಡಪ್ಪಾ, ನೀನು ಬಂದಿದ್ದಕ್ಕೆ ನಂಗೇನೂ ಸಿಟ್ಟಿಲ್ಲ. ದೇವ್ರು ಮನೆಗ್ ಬಂದ್ರೆ ಬೇಡ ಅಂತಾರಾ ಯಾರಾದ್ರೂ? ಆದ್ರೆ ನಾಕು ಮಾರು ಆಚೆಗೆ ಎದ್ದಿದ್ರೆ ರಸ್ತೆ ಸಿಕ್ತಿತ್ತು, ರಸ್ತೆ ಸರ್ಕಾರದ್ದು. ನಿನ್ನ ಲೆಕ್ಕದಲ್ಲಿ ನಾಕು ಮಾರು ಏನು ಮಹಾ? ಈ ಒಲೆ ನೋಡು. ನಾನೇ ಮಣ್ಣು ತುಳಿದು ಹಾಕಿದ್ದು. ಯಾವ ಗಾಳಿ ಬಂದ್ರೂ ಹೊಗೆ ಸೀದಾ ಮೇಲಕ್ಕೆ ಹೋಗುತ್ತೆ. ಇದನ್ನ ಎತ್ಕೊಂಡು ಹೋಗೋಕಾಗುತ್ತಾ ನಂಗೆ?"

ನನ್ನನ್ನು ಕಂಡವಳೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಕೆರೆಯಾಚೆ ಮನೇಲಿ ಒಲೆ ಯಾವ ಕಡೆಗಿದೆಯಂತೆ, ವಿಚಾರಿಸಿದ್ಯಾ?" ಎಂದಳು, ತರಕಾರಿಯ ಬೆಲೆ ಕೇಳುವವಳ ಹಾಗೆ.

"ಗ್ಯಾಸಿನ ಒಲೆ ಅಂತೆ ದೊಡ್ಡಮ್ಮ."

"ಓ," ಎಂದಳು. ಹೋಗಿ ತನ್ನ ಒಲೆಯ ಬೂದಿ ತೆಗೆಯತೊಡಗಿದಳು.

ನಾನು ಕಲ್ಲಿನ ಎದುರು ಕುಳಿತೆ, ಅಭ್ಯಾಸದಂತೆ. ಆದರೆ ಅಂದು ಕಾವಲು ಕಾಯುವ ಬದಲು ಸರಿಯಾಗಿ ನೋಡಿದೆ. ಹಣೆಯ ಗುರುತಿಗೆ ರೆಪ್ಪೆಯ ಗೆರೆ ಇರಲಿಲ್ಲ. ಮೇಲೆ ಚೂಪು, ಕೆಳಗೆ ದಪ್ಪ. ನಟ್ಟನಡುವೆಯೂ ಇರಲಿಲ್ಲ, ಒಂದು ನೂಲು ಬಲಕ್ಕೆ ಸರಿದಿತ್ತು. ಹಾವಿನ ಸುರುಳಿಯಿಂದ ಅದರವರೆಗೆ ಕೂದಲೆಳೆಯಂಥ ಗೀರೊಂದು ಇಳಿದು ಬಂದಿತ್ತು. ಏನಿದು ಎಂದು ಕೇಳಿಕೊಂಡೆ. ಉತ್ತರ ತೋಚಲಿಲ್ಲ. ತೋಚಿದ್ದರೂ ಹೇಳುತ್ತಿದ್ದೆನೆಂದು ನಂಬಿಕೆಯಿಲ್ಲ. 'ಹಾಗೆ', 'ಏನೋ' ಎಂದೆಲ್ಲ ಸೇರಿಸಿ ಆಡಿದ ಒಂದು ಮಾತು ಎಷ್ಟು ದೂರ ಓಡಿತ್ತೆಂದು ಕಂಡಿದ್ದೆನಲ್ಲ.

ಮರುದಿನ ಭಾನುವಾರ. ಬೆಳಿಗ್ಗೆಯೇ ಓಲಗದವರ ಸದ್ದು ಕೇಳಿಸಿತು. ಷಡಕ್ಷರಪ್ಪನವರು ಶಾಲು ಹಿಡಿದು ಮುಂದೆ, ಸಾಕವ್ವ ಎರಡು ದಪ್ಪ ಹಾರಗಳನ್ನು ಹಿಡಿದು ಅವರ ಹಿಂದೆ, ಅವಳ ಹಿಂದೆ ಅರ್ಧ ಊರು.

"ತೀರ್ಪು ಕಣ್ಣು ಬಿಟ್ಟ ದಿನ ಅಲ್ವಾ? ಇನ್ನೂ ಕಣ್ಣೇ ಬಂದಿಲ್ಲ," ಎಂದೆ ನಾನು ಗಾಬರಿಯಿಂದ.

"ಒಂದು ಬಂದಿದೆಯಲ್ಲಮ್ಮ," ಎಂದರು ಷಡಕ್ಷರಪ್ಪನವರು ನನ್ನ ಮುಖ ನೋಡದೆ. "ಮೂರನೇದಾದ್ರೂ ಕಣ್ಣು ಕಣ್ಣೇ ಅಂತ ಹಿರಿಯರೆಲ್ಲ ಹೇಳ್ತಿದ್ದಾರೆ. ನಂಗೇನು ಖುಷಿನಾ? ನಾನು ನಾಳೆಯಿಂದ ತಿಂಡಿ ಎಲ್ಲಿ ತಿನ್ಲಿ?"

"ಅದು ಕಣ್ಣು ಅಲ್ಲ ಅಂತ ನಾನು ಹೇಳ್ತಿಲ್ಲ," ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಎನಿಸಿತು. "ಕಣ್ಣು ಅಂತಾನೂ ಹೇಳಲಾರೆ. ಅದಕ್ಕೆ ರೆಪ್ಪೆ ಇಲ್ಲ. ನಡುವಿನಲ್ಲೂ ಇಲ್ಲ. ದೇವರನ್ನ ಕೆತ್ತೋರು ಮೂರನೇ ಕಣ್ಣನ್ನ ಓರೆಯಾಗಿ ಇಡೋದನ್ನ ನಾನು ಎಲ್ಲೂ ಕಂಡಿಲ್ಲ. ಇನ್ನೆರಡು ಬೆರಳು ಏಳಲಿ. ಕೆಳಗಿನ ಕಣ್ಣು ಕಾಣಲಿ. ಆಮೇಲೆ ಹಾರ ಹಾಕಿ, ನಾನೇ ತಲೆ ಬಗ್ಗಿಸ್ತೀನಿ."

"ಹಂಗಾದ್ರೆ ಏಳಕ್ಕೆ ಬಿಡ್ಬೇಕಲ್ಲವ್ವ ನೀನು!" ಎಂದಳು ಸಾಕವ್ವ. "ಹಗಲೂ ಸಂಜೆ ಕಣ್ಣಲ್ಲೇ ಅದನ್ನ ಒತ್ತಿ ಹಿಡಿದಿದ್ದೀಯ. ನಮ್ಗೇನು ಗೊತ್ತಿಲ್ವಾ? ನನ್ ಹಾರ ಬಾಡ್ತಾ ಅದೆ."

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ನಮ್ಮನ್ನು ಉಳಿಸುತ್ತದೆಂದು ನಾನು ಹಿಡಿದು ನಿಲ್ಲಿಸಿದ್ದ ಕಲ್ಲು ಈಗ ಏಳದಿದ್ದರೇ ನಮ್ಮ ಮನೆ ಹೋಗುವುದಿತ್ತು. ಅದು ಏಳಬೇಕಾದರೆ ಇಷ್ಟೂ ಜನ ಬೇರೆ ಕಡೆ ನೋಡಬೇಕು. ಓಲಗ, ಹಾರ, ಶಾಲು ಎಲ್ಲ ಬಂದು ನಿಂತಿರುವಾಗ ಯಾರು ತಾನೇ ಕಲ್ಲಿನಿಂದ ಕಣ್ಣು ತೆಗೆಯುತ್ತಾರೆ?

ಅಷ್ಟರಲ್ಲಿ ಒಳಗಿನಿಂದ ಚುರ್ ಎಂದು ಸದ್ದು ಬಂತು. ಹಿಂದೆಯೇ ವಾಸನೆ.

ದೊಡ್ಡಮ್ಮ ಕಾವಲಿಯ ಮುಂದೆ ನಿಂತಿದ್ದಳು. ಈರುಳ್ಳಿಯನ್ನು ಬೊಗಸೆ ಬೊಗಸೆಯಾಗಿ ದೋಸೆಯ ಮೇಲೆ ಚೆಲ್ಲುತ್ತಿದ್ದಳು. ಪಕ್ಕದಲ್ಲಿ ಬೆಳ್ಳುಳ್ಳಿ ಚಟ್ನಿಯ ಬೋಗುಣಿ, ಬೆಣ್ಣೆಯ ಡಬ್ಬ.

"ಚೆನ್ನಾಜಮ್ನೋರೆ! ದೇವರ ಎದುರಿಗೆ..." ಎಂದರು ಷಡಕ್ಷರಪ್ಪನವರು. ಮಾತು ಮುಗಿಸುವಾಗ ಅವರ ಗಂಟಲು ಏರಿ ಇಳಿಯಿತು.

"ಹಾರ ಬೀಳೋವರ್ಗೂ ಇದು ನನ್ ಹೋಟ್ಲು. ಹಾರ ಬಿದ್ಮೇಲೆ ಈ ಒಲೆ ಮೇಲೆ ಈರುಳ್ಳಿ ಬೀಳಲ್ಲ. ಕೊನೇ ಸಲ, ಬೇಕಾದೋರು ತಿನ್ನಿ. ಬೇಡದೋರು ಓಲಗ ಕೇಳಿ," ಎಂದಳು ದೊಡ್ಡಮ್ಮ.

ಮೊದಲು ಮೆಹಬೂಬಣ್ಣ ಕೂತರು. ಆಮೇಲೆ ಓಲಗದವರು ವಾದ್ಯಗಳನ್ನು ಗೋಡೆಗೆ ಒರಗಿಸಿ ಕೂತರು. ಷಡಕ್ಷರಪ್ಪನವರು ಶಾಲನ್ನು ಮಡಿಚಿ ತೊಡೆಯ ಕೆಳಗಿಟ್ಟುಕೊಂಡರು. ಉಳಿದ ಬೆಂಚುಗಳು ತುಂಬಿದ ಮೇಲೆ ಜನ ನೆಲದಲ್ಲಿ ಕೂತರು, ಕಲ್ಲಿನ ಸುತ್ತ. ವಾರಗಟ್ಟಲೆ ಖಾಲಿ ದೋಸೆ ತಿಂದ ಊರು ಅದು. ಸಾಕವ್ವ ಹಾರಗಳನ್ನು ಕೊರಳಿಗೆ ತಾನೇ ಹಾಕಿಕೊಂಡು ಎರಡೂ ಕೈ ಬಿಡುವು ಮಾಡಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ತಲೆಗಳೆಲ್ಲ ತಟ್ಟೆಯ ಮೇಲೆ ಬಗ್ಗಿದವು. ಬೆಣ್ಣೆ ಕರಗಿ ಅಂಚಿಗೆ ಹರಿಯುವುದನ್ನು ಬೆರಳಿನಿಂದ ತಡೆಯುತ್ತಿದ್ದವರಿಗೆ ಬೇರೆ ಯಾವುದೂ ಕಾಣುವಂತಿರಲಿಲ್ಲ.

ಈಗ ನೋಡುತ್ತಿದ್ದವಳು ನಾನೊಬ್ಬಳೇ.

"ಕುಮ್ಮಿ," ಎಂದಳು ದೊಡ್ಡಮ್ಮ ಒಲೆಯ ಕಡೆಯಿಂದ, ತಿರುಗದೆ. "ಕಣ್ ಮುಚ್ಚೇ."

ಮುಚ್ಚಿದೆ. ಹಾಗೆಂದು ಬರೆಯುವುದು ಸುಲಭ. ಮುಚ್ಚಿದ ಕೂಡಲೆ ಮನೆಗೆ ಬೆಂಕಿ ಬಿದ್ದಂತೆ, ದೊಡ್ಡಮ್ಮ ಜಾರಿ ಬಿದ್ದಂತೆ, ಕಲ್ಲು ಮೂರನೆಯದರ ಜೊತೆಗೆ ನಾಲ್ಕನೆಯ ಐದನೆಯ ಕಣ್ಣನ್ನೂ ತೋರಿಸಿದಂತೆ ಎಲ್ಲ ಕಂಡಿತು. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ದೋಸೆ ಮಗುಚುವ ಸದ್ದು, ಚಪ್ಪರಿಸುವ ಸದ್ದು, "ಚಟ್ನಿ ಇತ್ತ ಬರ್ಲಿ" ಎಂಬ ಕೂಗು. ಅವುಗಳ ನಡುವೆ, ತುಂಬ ಮೆಲ್ಲಗೆ, ಹಪ್ಪಳ ಮುರಿದಂತೆ ಗಾರೆ ಬಿರಿಯುವ ಸದ್ದು. ಇನ್ನೊಮ್ಮೆ. ಮತ್ತೊಮ್ಮೆ.

ಮೊದಲು ತಲೆ ಎತ್ತಿದವರು ಮೆಹಬೂಬಣ್ಣ. ತುತ್ತು ಬಾಯಲ್ಲಿಟ್ಟುಕೊಂಡೇ ಅವರು ನಗತೊಡಗಿದರು. ನಾನು ಕಣ್ಣು ಬಿಟ್ಟೆ.

ಹೆಂಗಸಿನ ಮುಖ. ದುಂಡನೆಯ ಕೆನ್ನೆ. ಎಡಗಣ್ಣು ಅಗಲವಾಗಿ ತೆರೆದಿತ್ತು. ಬಲಗಣ್ಣನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಕೆನ್ನೆಯೂ ಹುಬ್ಬೂ ಒಂದಕ್ಕೊಂದು ತಾಗುವಷ್ಟು. ಹಣೆಯಿಂದ ಇಳಿಯುತ್ತಿದ್ದ ಹನಿ ಇನ್ನೇನು ಆ ಕಣ್ಣಿಗೆ ಬೀಳುವುದರಲ್ಲಿತ್ತು. ತಲೆಯ ಮೇಲೆ ಒಂದರ ಮೇಲೊಂದು ಮೂರು ಗಡಿಗೆ, ಮೇಲಿನದಕ್ಕೆ ಗುಂಡಿಯ ಮುಚ್ಚಳ, ಅಡಿಗೆ ಬಟ್ಟೆ ಸುತ್ತಿ ಮಾಡಿದ ಸಿಂಬಿ. ಒಂದು ಗಡಿಗೆ ಸೋರುತ್ತಿತ್ತು; ನೀರಿಗಿಂತ ಮಂದವಾದ ಹನಿ, ಮಜ್ಜಿಗೆಯದು. ಯಾವ ಕಾಲದಿಂದಲೋ ಮಜ್ಜಿಗೆ ಮಾರಲು ಹೊರಟವಳು, ಕೈ ಬಿಡುವಿಲ್ಲದೆ, ಹನಿ ಒರೆಸಿಕೊಳ್ಳಲಾಗದೆ ಮುಖ ಕಿವುಚಿಕೊಂಡು ನಿಂತಿದ್ದಳು.

ಷಡಕ್ಷರಪ್ಪನವರು ಕೈ ತೊಳೆಯದೆ ಎದ್ದು, ಬಗ್ಗಿ, ಆ ಮುಖದ ಎದುರು ತಮ್ಮ ಮುಖ ತಂದು ನಿಂತರು. ತಮಗರಿವಿಲ್ಲದೆ ಬಲಗಣ್ಣು ಮುಚ್ಚಿದ್ದರು. "ದೇವರ ಕಣ್ಣಿಗೆ ಮಜ್ಜಿಗೆ ಬೀಳಲ್ಲ. ಮನುಷ್ಯಳು!" ಎಂದು ಸಾರಿದರು. ಆಮೇಲೆ ಅದೇ ಗತ್ತಿನಲ್ಲಿ, "ಚೆನ್ನಾಜಮ್ನೋರೆ, ಇನ್ನೊಂದು ದೋಸೆ," ಎಂದರು.

ಮನೆಯೊಳಗೆ ಎದ್ದ ಗದ್ದಲದಲ್ಲಿ ದೊಡ್ಡಮ್ಮ ಸೌಟು ಹಿಡಿದುಕೊಂಡೇ ಬಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸೆರಗಿನ ತುದಿಯಿಂದ ಆ ಹೆಂಗಸಿನ ಹಣೆಯನ್ನು ಒಮ್ಮೆ ಒರೆಸಿದಳು. ಕಲ್ಲಿನ ಹನಿ ಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. "ಸೋರೋ ಗಡಿಗೇನ ಮೇಲಿಟ್ಕೊಂಡು ಹೊರಟಿದ್ದೀಯಲ್ಲೇ ಪುಣ್ಯಾತ್ಗಿತ್ತಿ," ಎಂದಳು. ಅವಳ ಕಣ್ಣಿಂದಲೂ ಹನಿ ಇಳಿಯುತ್ತಿತ್ತು, ಅವಳೂ ಒರೆಸಿಕೊಳ್ಳಲಿಲ್ಲ.

ಕಟ್ಟಳೆಯ ಪ್ರಕಾರ ಈಗ ನಾವು ಮಜ್ಜಿಗೆ ಮಾರುತ್ತೇವೆ. ದೊಡ್ಡಮ್ಮನಿಗೆ ಇದು ಇನ್ನೂ ಒಗ್ಗಿಲ್ಲ. "ಮಜ್ಜಿಗೆ ಬಾಯಾರಿ ಬಂದೋರಿಗೆ ಸುಮ್ನೆ ಕೊಡೋದಪ್ಪ, ಅದನ್ನ ಮಾರ್ತಾರಾ ಯಾರಾದ್ರೂ?" ಎಂದು ಪ್ರತಿ ಲೋಟಕ್ಕೂ ಗೊಣಗುತ್ತಾಳೆ. ಹಿತ್ತಿಲಿಗೆ ಎಮ್ಮೆ ಬಂದಿದೆ. ಸಾಕವ್ವನ ಹಾರಗಳಲ್ಲಿ ಒಂದು ಅದರ ಕೊರಳಿಗೆ ಬಿತ್ತು. ಹಾಕಿದ ಮರುಗಳಿಗೆಯಲ್ಲೇ ಅದು ಹಾರವನ್ನು ತಿಂದು ಮುಗಿಸಿತು. ಇನ್ನೊಂದನ್ನು ಸಾಕವ್ವ ತಾನೇ ಹಾಕಿಕೊಂಡು ಮನೆಗೆ ಹೋದಳು. ಬುಟ್ಟಿ ಮಾತ್ರ ನಮ್ಮ ಬಾಗಿಲಲ್ಲೇ ಇದೆ, ಈರುಳ್ಳಿ ದೋಸೆಗೆ ಬರುವವರೂ ಹೂವು ಕೊಳ್ಳುತ್ತಾರಂತೆ. ಮೆಹಬೂಬಣ್ಣ ಬಣ್ಣದ ಚಿಂದಿಗಳಿಂದ ಸಿಂಬಿ ಹೊಲಿದು ತೂಗುಹಾಕಿದ್ದಾರೆ, ತಲೆಯ ಮೇಲೆ ಹೊರುವುದೇನೂ ಇಲ್ಲದ ಕಾಲೇಜು ಹುಡುಗಿಯರೂ ಅದನ್ನು ಇಟ್ಟುಕೊಂಡು ಓಡಾಡುತ್ತಾರೆ. ಇನ್ನು ಊರಿನ ಜನ ಯಾರಿಗೇ ಎದುರಾಗಲಿ, ನಮಸ್ಕಾರಕ್ಕೆ ಮೊದಲು ಬಲಗಣ್ಣನ್ನು ಬಿಗಿಯಾಗಿ ಮುಚ್ಚಿ ತೆಗೆಯುತ್ತಾರೆ. ಹೊಸದಾಗಿ ವರ್ಗವಾಗಿ ಬಂದ ನಮ್ಮ ಶಾಲೆಯ ಹೆಡ್‌ಮಾಸ್ಟರು ಮೊದಲ ದಿನ ಬಹಳ ಗಾಬರಿಯಾಗಿದ್ದರು.

ಕಲ್ಲು ಇನ್ನೂ ಪೂರ್ತಿ ಎದ್ದಿಲ್ಲ. ಭುಜದವರೆಗೆ ಬಂದಿದ್ದಾಳೆ. ಒಂದು ಕೈ ಗಡಿಗೆಯನ್ನು ಹಿಡಿದಿದೆ. ಇನ್ನೊಂದು ಕೈಯಲ್ಲಿ ಏನಿದೆಯೆಂದು ದಿನವೂ ವಾದ ನಡೆಯುತ್ತದೆ. ಕಡಗೋಲು ಎನ್ನುವವರಿದ್ದಾರೆ, ಮಗು ಎನ್ನುವವರಿದ್ದಾರೆ. ನನ್ನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ, ಅದರ ಹಿಂದೆ ಮುಂದೆ ಏನನ್ನೂ ಸೇರಿಸುವುದಿಲ್ಲ. ಸಂಜೆ ಉತ್ತರಪತ್ರಿಕೆ ಹಿಡಿದು ಅವಳ ಎದುರು ಕೂರುವುದನ್ನು ಮಾತ್ರ ಬಿಟ್ಟಿಲ್ಲ, ಕಾಯುವ ಚಾಳಿ ಅಷ್ಟು ಬೇಗ ಹೋಗುತ್ತದೆಯೇ? ಆದರೆ ಈಗ ನಾನೂ ಬಲಗಣ್ಣು ಮುಚ್ಚಿಕೊಳ್ಳುತ್ತೇನೆ. ಒಂದೇ ಕಣ್ಣಿನಲ್ಲಿ ನೋಡಿದರೆ ಅವಳು ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗಿಯಾದರೂ ಏಳುತ್ತಿರುತ್ತಾಳೆ. ನಮ್ಮಿಬ್ಬರಿಗೂ ಅದು ಸಾಕಾಗಿದೆ.